ಎರ್ಸಿಲಿಯಾ ಅಮ್ಮನವರ ಆಯುಸ್ಸು ಮತ್ತು ನನ್ನ ವಿಚ್ಛೇದನ

ಮಾಲ್ಡೋವಾದ ನಮ್ಮ ಜಿಲ್ಲೆಯ ಹಾಗೂ ಇಟಲಿಯ ಈ ಊರಿನ ನ್ಯಾಯಾಲಯಗಳ ಮಾನ್ಯ ನ್ಯಾಯಾಧೀಶರೇ,

ತಮ್ಮಿಬ್ಬರಿಗೂ ಒಂದೇ ಕಾಗದದಲ್ಲಿ ವಂದಿಸುತ್ತಿರುವುದನ್ನು ಮನ್ನಿಸಬೇಕು. ನನ್ನ ವಿಚ್ಛೇದನದ ಅರ್ಜಿಯನ್ನು ತಾವು ಮೂರು ವರ್ಷದಿಂದ ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಲೇ ಬಂದಿದ್ದೀರಿ. ಇಷ್ಟು ಸೌಜನ್ಯ ನಮ್ಮ ದಾಂಪತ್ಯದಲ್ಲಿ ಇದ್ದಿದ್ದರೆ ನಾನು ತಮ್ಮ ಬಾಗಿಲಿಗೆ ಬರುತ್ತಲೇ ಇರಲಿಲ್ಲ.

ನನ್ನ ಗಂಡ ವಲೇರಿಯು ಪೋರ್ಚುಗಲ್ಲೋ ಪೋಲೆಂಡೋ, ಎಲ್ಲಿ ಕಟ್ಟಡ ಏಳುತ್ತದೋ ಅಲ್ಲಿರುತ್ತಾನೆ. ಮುಖ ನೋಡಿ ಆರು ವರ್ಷವಾಯಿತು. ಜಗಳವಾಡುವಷ್ಟು ನಂಟೂ ಈಗ ಉಳಿದಿಲ್ಲ. ಫೋನು ಮಾಡಿದರೆ, "ಬೇಗ ಮುಗಿಸು ಮಾರಾಯ್ತಿ, ಎಲ್ಲಿ ಸಹಿ ಹಾಕ್ಬೇಕು ಹೇಳು" ಎನ್ನುತ್ತಾನೆ. ಎಲ್ಲಿ ಎಂಬುದೇ ನನಗೂ ಗೊತ್ತಿಲ್ಲ. ಇಬ್ಬರೂ ಇಲ್ಲಿ ವಾಸವಿಲ್ಲ, ವಾಸವಿರುವ ದೇಶದಲ್ಲೇ ಕೇಳಿಕೊಳ್ಳಿ ಎಂದು ಮಾಲ್ಡೋವಾದ ನ್ಯಾಯಾಲಯ ಅಪ್ಪಣೆ ಕೊಡಿಸಿತು. ಹನ್ನೊಂದು ವರ್ಷದಿಂದ ಇಟಲಿಯಲ್ಲಿರುವ ನಾನು ಇಲ್ಲಿ ಕೇಳಿದೆ. ಒಂದು ವರ್ಷ ಎಡೆಬಿಡದೆ ವಾಸವಿದ್ದೀರೆಂದು ನಗರಸಭೆಯ ರಿಜಿಸ್ಟರು ಹೇಳಬೇಕು, ಅದು ಹೇಳುತ್ತಿಲ್ಲ ಎಂದು ಇಲ್ಲಿಯ ನ್ಯಾಯಾಲಯ ವಿಷಾದಿಸಿತು.

ರಿಜಿಸ್ಟರು ಹೇಗೆ ಹೇಳೀತು? ನಾನು ಮುದುಕಿಯರನ್ನು ನೋಡಿಕೊಳ್ಳುವವಳು. ಅವರ ಮನೆಯೇ ನನ್ನ ಮನೆ, ಅವರ ವಿಳಾಸವೇ ನನ್ನ ವಿಳಾಸ. ಅವರು ಸತ್ತರೆ ನನ್ನ ವಾಸವೂ ಸಾಯುತ್ತದೆ. ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಓತ್ತಾವಿಯಾ ಅಮ್ಮನವರು ನಾನು ಹೋದ ಹನ್ನೊಂದನೇ ತಿಂಗಳಿಗೆ ಕಣ್ಣು ಮುಚ್ಚಿದರು. ಸಮಾಧಿಯ ಹೂ ಬಾಡುವ ಮೊದಲೇ ಅವರ ಮಗ ನನ್ನ ಹೆಸರನ್ನು ಹೊಡೆದುಹಾಕಿಸಿದ. ಆಕೆಗಾಗಿ ನಾನು ಅತ್ತದ್ದು ನಿಜ, ಆದರೆ ಆ ಇನ್ನೊಂದು ತಿಂಗಳಿಗಾಗಿಯೂ ಅತ್ತೆ. ಆದ್ದರಿಂದ ಇಟಲಿಯ ಮುದುಕಿಯರು ಹನ್ನೆರಡು ತಿಂಗಳು ತುಂಬುವ ಮುನ್ನ ಸಾಯಕೂಡದೆಂದು ತಾವು ಒಂದು ತಡೆಯಾಜ್ಞೆ ಹೊರಡಿಸಬೇಕಾಗಿ ವಿನಂತಿ.

ಈಗ ತೊಂಬತ್ತೊಂದರ ಎರ್ಸಿಲಿಯಾ ಅಮ್ಮನವರ ಮನೆಯಲ್ಲಿದ್ದೇನೆ. ಬರುವ ಮಾರ್ಚ್ ಹನ್ನೆರಡಕ್ಕೆ ವರ್ಷ ತುಂಬುತ್ತದೆ. ಸಂಗತಿ ತಿಳಿದ ಮೇಲೆ ಆಕೆ ಚೌಕಾಸಿಗೆ ಕುಳಿತಿದ್ದಾರೆ: "ಮಾರ್ಚ್ ತನಕ ನಾನೆಲ್ಲೂ ಹೋಗಲ್ಲ ಕಣೆ, ನೀನು ಸೂಪಿಗೆ ಉಪ್ಪು ಹಾಕು." ಡಾಕ್ಟರು ಉಪ್ಪು ಬೇಡವೆಂದಿದ್ದಾರೆ. ನನ್ನ ವಿಚ್ಛೇದನ ಸದ್ಯಕ್ಕೆ ಆ ಉಪ್ಪಿನ ಚಮಚದಲ್ಲಿದೆ.

ಅವಸರವೇಕೆಂದು ತಾವು ಕೇಳಬಹುದು. ಭಾನುವಾರ ನಾವು ಹೆಂಗಸರೆಲ್ಲ ಊರಿಗೆ ಪೊಟ್ಟಣ ಕಳಿಸುವ ವ್ಯಾನಿನ ಚಾಲಕ ಗ್ರಿಗೋರೆ, ನನ್ನ ಪೊಟ್ಟಣಗಳನ್ನು ತೂಗುತ್ತ ತೂಗುತ್ತಲೇ ಹತ್ತಿರದವನಾದ. ಫೆಬ್ರವರಿಯಲ್ಲಿ ನಮಗೆ ಮಗು ಹುಟ್ಟಲಿದೆ. ನಾನು ಕಾಗದದಲ್ಲಿ ವಲೇರಿಯುವಿನ ಹೆಂಡತಿಯಾಗಿರುವ ತನಕ ಮಗು ಅವನದೇ ಎಂದು ಬರೆಯುತ್ತಾರಂತೆ. ನನಗೆ ಭಯವಾಗುತ್ತಿದೆ, ಇದನ್ನು ವಿನೋದಕ್ಕೆ ಬರೆಯುತ್ತಿಲ್ಲ. ನನ್ನ ಅರ್ಜಿ ಯಾವ ನ್ಯಾಯಾಲಯದ ವ್ಯಾಪ್ತಿಗೆ ಸೇರಿದ್ದೆಂದು ತೀರ್ಮಾನವಾಗುವವರೆಗೆ ಗರ್ಭದಲ್ಲೇ ಕಾದಿರಬೇಕೆಂದು ತಮ್ಮಲ್ಲಿ ಯಾರಾದರೂ ಮಗುವಿಗೆ ಸಮನ್ಸ್ ಕಳಿಸಿದರೆ ಉಪಕಾರವಾದೀತು. ಅದರ ವಿಳಾಸದ ಬಗ್ಗೆಯಾದರೂ ತಮ್ಮಲ್ಲಿ ಭಿನ್ನಾಭಿಪ್ರಾಯ ಇರಲಾರದು.

ತಮ್ಮಿಬ್ಬರಲ್ಲಿ ಯಾರ ವ್ಯಾಪ್ತಿಗೂ ಸೇರದ,
ತಮ್ಮ ವಿಶ್ವಾಸಿ,
ಲೀಲಿಯಾ ರುಸ್ನಾಕ್

ತಾ.ಕ.: ಈ ಪತ್ರ ಅಂಚೆಗೆ ಹೋಗುವ ಮೊದಲೇ, ದಿನ ತುಂಬುವ ಮುನ್ನವೇ, ಮಗಳು ಹುಟ್ಟಿದಳು. ಎರ್ಸಿಲಿಯಾ ಅಮ್ಮನವರು ಮಾತಿಗೆ ತಪ್ಪದೆ ಬದುಕಿದ್ದಾರೆ. ಜನನ ನೋಂದಣಿಗೆ ಹೋದಾಗ ಗ್ರಿಗೋರೆ ಪಕ್ಕದಲ್ಲೇ ಟೋಪಿ ಹಿಡಿದು ನಿಂತಿದ್ದ. ನಗರಸಭೆಯ ಗುಮಾಸ್ತೆ ಅವನನ್ನು ಕಣ್ಣೆತ್ತಿಯೂ ನೋಡದೆ ತಂದೆಯ ಜಾಗದಲ್ಲಿ ವಲೇರಿಯು ಎಂದು ಬರೆದರು. ನನ್ನ ವಾಸಸ್ಥಳಕ್ಕೆ ದಾಖಲೆ ಬೇಡವೇ ಎಂದು ಕೇಳಿದೆ. "ಹನ್ನೊಂದು ವರ್ಷದಿಂದ ಇಲ್ಲೇ ಇದ್ದೀರಲ್ಲಮ್ಮ, ನಿಮ್ಮನ್ನ ನೋಡಿಲ್ವಾ ನಾವು, ದಾಖಲೆ ಯಾಕೆ" ಎಂದರು. ಆ ಮಾತನ್ನೇ ದಯವಿಟ್ಟು ಬರೆದುಕೊಡಿ ಎಂದೆ. ಅದು ಈ ಕೌಂಟರಿನ ಕೆಲಸವಲ್ಲವಂತೆ.