ಹೋಳಿಗಿ ಸಾಫ್ಟ್‌ವೇರ್

ಛಲೋ ಸಾಫ್ಟ್‌ವೇರ್ ಅಂದ್ರ ಹೆಂಗಿರಬೇಕು ಅಂತ ಯಾರರೆ ನನ್ನ ಕೇಳ್ಯಾರು ಅಂತ ಭಾಳ ವರ್ಷದಿಂದ ಹಾದಿ ಕಾಯಾಕತ್ತೇನಿ. ಯಾರೂ ಕೇಳವಲ್ರು. ಅದಕ್ಕ ಕೇಳಲಾರದನಽ ಹೇಳ್ತೇನಿ. ಛಲೋ ಸಾಫ್ಟ್‌ವೇರ್ ಅಡಗಿಮನಿ ಇಕ್ಕಳ ಇದ್ದಂಗ ಇರಬೇಕು. ನಮ್ಮ ಇಕ್ಕಳ ಲಗ್ನದಾಗ ಬಂದದ್ದು. ಇವತ್ತಿನ ತನಕಾ ಸುಡೋ ಪಾತೇಲಿ ಹಿಡದೈತಿ, ಒಂದ ದಿನಾನೂ ನಡುವ ನಿಂತು 'ನನ್ನ ಕೆಲಸ ಹೆಂಗನಸ್ತು, ಎಷ್ಟು ಸ್ಟಾರ್ ಕೊಡ್ತೀರಿ' ಅಂತ ಕೇಳಿಲ್ಲ. ಈಗಿನವು ತೆರದ ಕೂಡ್ಲೇ ಹುಡುಗಿ ನೋಡಾಕ ಬಂದ ಬೀಗರಗತೆ ಊರು, ಹುಟ್ಟಿದ ದಿನ, ಫೋಟೋ ಎಲ್ಲಾ ಕೇಳ್ತಾವ.

ನಾ ಸಾಂಗ್ಲಿ ಪ್ಯಾಟ್ಯಾಗಿನ ಅಂಗಡಿಗೋಳಿಗೆ ಪ್ರೋಗ್ರಾಮ್ ಬರಕೋತನಽ ಮುದಕ ಆದಾಂವ. ನನ್ನಂಥಾಂವ ಮುಂಬೈದಾಗೂ ಇರಲಿಲ್ಲ. ಬೇಕಾದ್ರ ನನ್ನನ್ನಽ ಕೇಳ್ರಿ. ಒಬ್ಬ ಎಣ್ಣಿ ಸಾವಕಾರಗ ಊಟಾದ ಮ್ಯಾಲೆ ಗಲ್ಲೇದ ಮುಂದ ನಿದ್ದಿ ಹೊಡಿಯೋ ಚಟ. ಸ್ವಲ್ಪ ಹೊತ್ತು ಯಾರೂ ಮುಟ್ಟಲಿಲ್ಲಂದ್ರ ಅವನ ಕಂಪ್ಯೂಟರ್ 'ಶೇಟ, ಗಿರಾಕಿ ಬಂತು' ಅಂತ ಮರಾಠಿಯೊಳಗ ಒದರೂಹಂಗ ಮಾಡಿಟ್ಟಿದ್ದೆ. ಪಾಪ, ದಿನಾ ಎದ್ದು ಟೊಪಗಿ ಸರಿ ಮಾಡಕೊಂಡು ಖಾಲಿ ಬಾಗಿಲಿಗೆ 'ಯಾ, ಬಸಾ', ಬರ್ರಿ ಕುಂದ್ರರಿ, ಅಂತ ಕೈ ಮಾಡತಿದ್ದ.

ಇಂಥಾ ನನಗ ಈಗ ಮನ್ಯಾಗಽ ಕೆಲಸ ಸಿಕ್ತು. ನಮ್ಮಾಕಿ ಹೋಳಿಗಿ ಅಂದ್ರ ನಾವಿರೋ ಮಿರಜಿಗೆಲ್ಲಾ ಹೆಸರು. ಹೋಳಿ ಹುಣ್ಣಿವಿ ಬಂತಂದ್ರ ಹಿರೇ ಹೆಣಮಕ್ಕಳ ಫೋನ್ ಮ್ಯಾಲೆ ಫೋನ್. ಕೈಯಾಗ ಕಣಕ, ಕಿವಿಗೆ ಫೋನ್, ಫೋನಿಗೆಲ್ಲಾ ಹೂರಣ. ನೋಡಲಾರದ ನಾನು ಮೊಬೈಲ್ ಮ್ಯಾಲೆ ಆರ್ಡರ್ ಹಾಕೋ ಸಾಫ್ಟ್‌ವೇರ್ ಮಾಡಿ ಅಕಿ ಹೆಸರಲೇ ಎಲ್ಲಾರಿಗೂ ಕಳಿಸಿದೆ. ಕೇಳೂದು ಎರಡಽ: ಹೆಸರು, ಎಷ್ಟು ಹೋಳಿಗಿ. ಫೋನ್ ನಂಬರ್ ಸುದ್ದಾ ಕೇಳಲಿಲ್ಲ. ಇಕ್ಕಳ ನಂಬರ್ ಕೇಳ್ತೈತೇನು? ಇನ್ನ ವಯಸ್ಸಾದವರಿಗೆ ಗುಂಡಿ ಒಮ್ಮೆ ಒತ್ತಿದ್ರ ಸಮಾಧಾನ ಆಗಂಗಿಲ್ಲ, ಮತ್ತ ಮತ್ತ ಒತ್ತತಾರ. ಅದಕ್ಕ ಅದಽ ಹೆಸರು ಮತ್ತ ಬಂದ್ರ ಮೊದಲಿಂದಷ್ಟ ಇಟಗೊಂಡು ಉಳದದ್ದು ಸದ್ದಿಲ್ಲದ ಒಗಿ ಅಂತ ಬರದೆ. ಒತ್ತಿದವರಿಗೆಲ್ಲಾ 'ಆತು ಬಿಡ್ರಿ, ನಿಶ್ಚಿಂತಿ ಇರ್ರಿ' ಅಂತ ಉತ್ತರ.

ಹಬ್ಬದ ದಿನ ಮುಂಜಾನೆ ನೋಡಿದ್ರ ಒಂದಽ ಆರ್ಡರ್. ಹೆಸರು: ಮಾವಶಿ. ಚಿಗವ್ವಗ ಈ ಕಡೆ ಹಂಗಽ ಅಂತಾರ.

"ಯಾವ ಮಾವಶಿರಿ?" ಅಂದ್ಲು ನಮ್ಮಾಕಿ.

"ನಿನ್ನ ಮಾವಶಿ ನಿನಗ ಗೊತ್ತಿರಬೇಕು."

ಅಕಿ ಮುಖ ಸಣ್ಣದಾತು. ಹೋದ ವರ್ಷದ ಹೋಳಿಗಿ ಕೆಟ್ಟಿದ್ದವೇನೋ, ತನ್ನ ಕೈರುಚಿ ಹೋತೇನೋ, ಇನ್ನ ಮುಂದ ಲಟ್ಟಣಗಿ ಮುಟ್ಟಂಗಿಲ್ಲ ಅಂತ ಒಂದಽ ಸವನ ಹಲುಬಿದ್ಲು. ಈಗಿನ ಮಂದಿ ಸಕ್ಕರಿ ಬ್ಯಾನಿಗೆ ಅಂಜತಾರ ಅಂತ ನಾನಽ ಸಮಾಧಾನ ಮಾಡಿ, ಒಂದ ಮನಿಗೆ ಆಗೂವಷ್ಟು ಬ್ಯಾಳಿ ಹಾಕಿಸಿದೆ.

ಮಧ್ಯಾಹ್ನ ಬೇಡಗ ಮಾವಶಿ ಡಬ್ಬಿ ಹಿಡಕೊಂಡು ಬಂದ್ರು. ಹಿಂದಽ ಸಮಡೋಳಿ ಮಾವಶಿ. ಅವರ ಹಿಂದ ಖಂಡೇರಾಜುರಿ ಮಾವಶಿ. ಹಿಂಗ ತವರೂರಿನ ಹೆಸರಲೇ ಕರಿಯೋ ಮಾವಶಿಗೋಳು ಬಾಗಿಲ ತುಂಬ ನಿಂತ್ರು. ಸಂಜಿಕ ಹೋಳಿ ಬೆಂಕಿಗೆ ನೈವೇದ್ಯ ತೋರಸಬೇಕು, ಯಾರ ಮನ್ಯಾಗೂ ಹೋಳಿಗಿ ಮಾಡಿಲ್ಲ. ಎಲ್ಲಾರ ಫೋನಿನ್ಯಾಗೂ 'ನಿಶ್ಚಿಂತಿ ಇರ್ರಿ'. ನಮ್ಮಾಕಿ ಹಿರೇರನ್ನೆಲ್ಲಾ ಮಾವಶಿ ಅಂತಾಳ, ಅಕಿಗೆ ಕಳಿಸೂಮುಂದ ಅವರೂ ಮಾವಶಿ ಅಂತನಽ ಬರದಿದ್ರು. ಮತ್ತೇನು ಬರೀಬೇಕು? ನನ್ನ ಶಾಣ್ಯಾ ಸಾಫ್ಟ್‌ವೇರ್ ಮಿರಜಿನ ಮಾವಶಿಗೋಳನ್ನೆಲ್ಲಾ ಒಬ್ಬಾಕಿನ್ನ ಮಾಡಿ, ಉಳದವರನ್ನ ಒಗದಿತ್ತು.

ನಮ್ಮಾಕಿ ಒಂದೊಂದಽ ಫೋನ್ ನೋಡಿದ್ಲು. ಆಮ್ಯಾಲೆ ನನ್ನ ನೋಡಿದ್ಲು. ಬೈಲಿಲ್ಲ. ಕೈರುಚಿ ಹೋಗಿರಲಿಲ್ಲಲ್ಲ, ಮುಖ ಅರಳಿತ್ತು. ಸೆರಗು ಸಿಗಿಸಿ, ದೊಡ್ಡ ಕುಕ್ಕರಿನ್ಯಾಗ ಬ್ಯಾಳಿ ಇಟ್ಟು, ಮಾವಶಿಗೋಳನ್ನ ಕಣಕ ನಾದಾಕ ಕುಂದ್ರಿಸಿ, ಹೂರಣ ಅರಿಯೋ ಪುರಣಯಂತ್ರ ತಂದು ನನ್ನ ಮುಂದ ಇಟ್ಟಳು. ಹಿಡಕಿ ತಿರುವಿ ತಿರುವಿ ನನ್ನ ತೋಳು ನಂದೋ ಮಂದಿದೋ ತಿಳೀದಂಗಾತು.

ಬೇಡಗ ಮಾವಶಿಗೆ ನನ್ನ ನೋಡಿ ಕನಿಕರ ಬಂತು. "ಅಳಿಯಾರ, ಈ ಮೊಬೈಲಿನ್ಯಾಗಿಂದು ಮಾಡಿದಾಂವ ಯಾರರಿ? ಸಿಕ್ಕರ ನನಗೊಂದೀಟು ತೋರಸರಿ."

ಹಬ್ಬ ಆದ ಮ್ಯಾಲೆ ಇದನ್ನ ಮಾಡಿದಾಂವ ನಾನಽ ಅಂತ ಊರತುಂಬ ಹೇಳಿ ಮೆರಿಯಾವ ಇದ್ದೆ. ತಲಿ ಎತ್ತಲಾರದ, "ಪುಣೇದಾಗ ಯಾವುದೋ ಕಂಪನಿ ಐತಂತರಿ, ಮಾವಶಿ," ಅಂದೆ.

ಹಂಚಿನ ಮ್ಯಾಲಿನ ಹೋಳಿಗಿ ಮಗಚಿ ಹಾಕಿ ನಮ್ಮಾಕಿ ಅಂದ್ಲು: "ಆ ಕಂಪನಿ ಇಲ್ಲೇ ಕುಂತು ಹೂರಣ ತಿರುವಾಕತ್ತೈತಿ, ಮಾವಶಿ. ಇನ್ನೊಂದೀಟು ಬ್ಯಾಳಿ ಹಾಕ್ರಿ ಅದಕ್ಕ."