ಎಂಟನೇ ಕೋಟ್ ವಾರ್ನಿಷ್

ಡ್ರಾಯಿಂಗ್ ಮೇಷ್ಟ್ರಿಗೆ ಮದುವೆಯಾಗಿ ಇಪ್ಪತ್ತೆರಡು ವರ್ಷ. ಇಷ್ಟು ವರ್ಷದಲ್ಲಿ ಹೆಂಡತಿಯ ಬಾಯಿಂದ "ಚೆನ್ನಾಗಿದೆ" ಅನ್ನುವ ಒಂದು ಮಾತು ಬಿದ್ದಿದ್ದರೆ ಕೇಳಿ. ಅವರು ಬರೆದ ಚಿತ್ರಕ್ಕೆ "ಗೋಡೆಗೆ ಮೊಳೆ ಹೊಡೀಬೇಡಿ" ಅಂದವಳು. ಅವರು ಬಣ್ಣ ಬಳಿದ ಗೇಟಿಗೆ "ಕಿರುಗುಟ್ಟೋದು ನಿಲ್ಲಲಿಲ್ವಲ್ಲ" ಅಂದವಳು. ಹೀಗಿರುವಾಗ ಮಾವ ತೀರಿಕೊಂಡು, ಅವರ ಹಳೇ ದೋಣಿ ಇವಳ ಪಾಲಿಗೆ ಬಂತು. ಒಳಗೊಂದು ಪುಟ್ಟ ಕೋಣೆ, ಮಲಗಲು ಒಂದು ಮಂಚ, ಸುತ್ತ ಹಲಗೆಯ ಗೋಡೆ. ಈ ಕೋಣೆಯನ್ನು ಅರಮನೆ ಮಾಡಿ ಅವಳ ಬಾಯಿಂದ ಆ ಮಾತು ಹೊರಡಿಸಿಯೇ ಸಿದ್ಧ ಎಂದು ಮೇಷ್ಟ್ರು ಅವತ್ತೇ ಪಣ ತೊಟ್ಟರು.

ಅವಳು ಕೇಳಿದ್ದು ಇಷ್ಟೇ. "ಒದ್ದೆ ಬಟ್ಟೇಲಿ ಒರೆಸಿ, ಕೊಳೆತಿರೋದನ್ನ ಬದಲಾಯಿಸಿದ್ರೆ ಸಾಕು ರೀ. ಆಮೇಲೆ ಮಂಚದ ಪಕ್ಕ ಒಂದು ಹಲಗೆ ಇದೆಯಲ್ಲ, ಅದನ್ನ..."

"ಮರದ ವಿಷಯ ನನಗೆ ಬಿಡು," ಅಂದರು ಮೇಷ್ಟ್ರು. (ಗಂಡಂದಿರು ಕೆಡುವುದೇ ಇಂಥ ವಾಕ್ಯಗಳಿಂದ.)

ಬಡಗಿ ಬಂದು ನೋಡಿದ. ಕೊಳೆತಿರುವುದು ಒಂದೇ ಹಲಗೆ, ಹಲಸಿನದು ಹಾಕಿದರೆ ಸಂಜೆಯೊಳಗೆ ಕೆಲಸ ಮುಗಿಯುತ್ತದೆ ಅಂದ. ಮೇಷ್ಟ್ರಿಗೆ ಅವಮಾನವಾಯಿತು. ಮರದ ಡಿಪೋಗೆ ಎಂಟು ಸಲ ಅಲೆದು ಒಂಬತ್ತು ಜಾತಿಯ ತುಂಡು ತಂದರು. ಯಾವುದು ನೀರು ತಡೆಯುತ್ತದೆ ಎಂದು ಪರೀಕ್ಷಿಸಲು ಸ್ನಾನದ ಬಕೆಟ್ಟಿನಲ್ಲಿ ನೆನೆಹಾಕಿದರು. ಎರಡು ವಾರ ಮನೆಮಂದಿ ಪಾತ್ರೆ ತೊಳೆಯುವ ಟಬ್ಬಿನಲ್ಲಿ ನೀರು ತುಂಬಿಕೊಂಡು ಸ್ನಾನ ಮಾಡಿದರು. ಕೊನೆಗೆ ತೇಗಕ್ಕೆ ಪಟ್ಟಾಭಿಷೇಕವಾಯಿತು.

ಆದರೆ ಹೊಸ ತೇಗದ ಪಕ್ಕ ಹಳೆಯ ಹಲಗೆಗಳು ಕಳೆಗುಂದಿ ಕಾಣಬೇಕೆ? ಹದಿನೆಂಟನ್ನೂ ಬಿಚ್ಚಿ ಮನೆಯ ಪಡಸಾಲೆಗೆ ತಂದು ಸ್ಯಾಂಡ್‌ಪೇಪರ್ ಹಿಡಿದು ಕೂತರು. ಮನೆ ತುಂಬ ಮರದ ಪುಡಿ ಕೂತಿತು. ಹಾಲಿನ ಲೋಟದಲ್ಲೂ ಪುಡಿ, ತಲೆದಿಂಬಿನಲ್ಲೂ ಪುಡಿ. ಹೆಂಡತಿ ಮತ್ತೆರಡು ಸಲ ಬಂದು "ರೀ, ಆ ಹಲಗೆ..." ಅಂದಳು. ಎರಡು ಸಲವೂ ಮೇಷ್ಟ್ರು ಕೈಯೆತ್ತಿ ತಡೆದರು. ಒಂದು ಹಲಗೆಯ ಮೇಲೆ ಬೊಟ್ಟುಬೊಟ್ಟಾಗಿ ಕಪ್ಪು ಟಾರಿನ ಕಲೆ ಅಂಟಿಕೊಂಡಿತ್ತು. ಅದೊಂದನ್ನೇ ಎರಡು ದಿನ ಉಜ್ಜಿ, ಭುಜ ಹಿಡಿದುಕೊಂಡು, ಗೆದ್ದರು.

ತೇಗದಲ್ಲಿ ಎಣ್ಣೆ ಇರುತ್ತದೆ, ಮೊದಲು ಥಿನ್ನರ್‌ನಿಂದ ಒರೆಸಿ, ಇಲ್ಲದಿದ್ದರೆ ವಾರ್ನಿಷ್ ಒಣಗುವುದಿಲ್ಲ ಎಂದು ಬಡಗಿ ಎಚ್ಚರಿಸಿದ್ದ. ಮೇಷ್ಟ್ರು ಒರೆಸಲಿಲ್ಲ. ಹೊಸ ಹಲಗೆ ಒಂಬತ್ತು ದಿನ ಅಂಟಂಟಾಗಿಯೇ ಉಳಿಯಿತು. ಅದಕ್ಕೆ ಮೊದಲು ನೊಣಗಳು, ಆಮೇಲೆ ಮಗಳ ಪರೀಕ್ಷೆಯ ಹಾಲ್ ಟಿಕೆಟ್ ಅಂಟಿಕೊಂಡವು. ಅಮ್ಮ ಚಾಕು ಹಾಕಿ ಬಿಡಿಸದಿದ್ದರೆ ಹುಡುಗಿ ಹಲಗೆ ಹೊತ್ತುಕೊಂಡೇ ಪರೀಕ್ಷೆಗೆ ಹೋಗಬೇಕಿತ್ತು. ಅದನ್ನು ಹೆರೆದು, ಒರೆಸಿ, ಮತ್ತೆ ಮೊದಲಿಂದ ಶುರು.

ಒಟ್ಟು ಏಳು ಕೋಟ್. ಪ್ರತಿಯೊಂದೂ ಒಣಗುವ ತನಕ ಫ್ಯಾನ್ ಹಾಕುವಂತಿಲ್ಲ, ಪೊರಕೆ ಮುಟ್ಟುವಂತಿಲ್ಲ.

"ಉಸಿರಾದ್ರೂ ಆಡಬಹುದಾ?" ಹೆಂಡತಿ ಕೇಳಿದಳು.

"ಮೆಲ್ಲಗೆ ಆಡು," ಅಂದರು ಮೇಷ್ಟ್ರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಅಂತೂ ಹಲಗೆಗಳೆಲ್ಲ ದೋಣಿ ಸೇರಿದವು. ತೋರಿಸುವ ದಿನ ಬೆಳಿಗ್ಗೆ ಮಂಚದ ಪಕ್ಕದ ಹಲಗೆಯಲ್ಲಿ ಕೂದಲೆಳೆಯಷ್ಟು ಗೀರು ಕಂಡಿತೆಂದು ಅದೊಂದಕ್ಕೆ ಎಂಟನೇ ಕೋಟ್ ಕೊಟ್ಟರು. ಹೊಸ ಬಿಳಿ ಅಂಗಿ ತೊಟ್ಟು, ಹೆಂಡತಿಯನ್ನು ಒಳಗೆ ಕರೆದೊಯ್ದು, ಆ ಒಂದು ಮಾತಿಗಾಗಿ ಕಿವಿ ನಿಮಿರಿಸಿ ನಿಂತರು.

ಅವಳು ಸುತ್ತ ನೋಡಲೇ ಇಲ್ಲ. ನೆಟ್ಟಗೆ ಮಂಚದ ಹತ್ತಿರ ಹೋಗಿ ಬಗ್ಗಿ ಹುಡುಕಿದಳು.

"ಇಲ್ಲೊಂದು ಕಪ್ಪು ಗುರುತಿತ್ತಲ್ಲ?"

"ಎರಡು ದಿನ ಬೇಕಾಯ್ತು ನೋಡು ಅದನ್ನ ತೆಗೆಯೋಕೆ," ಅಂದರು ಮೇಷ್ಟ್ರು ಹೆಮ್ಮೆಯಿಂದ.

ಬಗ್ಗಿದ್ದವಳು ಎದ್ದು ನಿಂತಳು. "ನಂಗಾಗ ಐದು ವರ್ಷ. ಅಪ್ಪ ದೋಣಿ ತಳಕ್ಕೆ ಟಾರು ಬಳೀತಿದ್ರು. ನಾನು ಡಬ್ಬಕ್ಕೆ ಕೈ ಅದ್ದಿ, ಓಡಿಬಂದು ಇಲ್ಲಿ ಒತ್ತಿಬಿಟ್ಟಿದ್ದೆ. ಅವರು ಬೈಲೂ ಇಲ್ಲ, ಅಳಿಸಲೂ ಇಲ್ಲ. ಅದರ ಪಕ್ಕಾನೇ ತಲೆ ಇಟ್ಟು ಮಲಗ್ತಿದ್ರು. ಅದನ್ನ ಹೇಳೋಕೇ ನಾನು ಮೂರು ಸಲ ಬಂದಿದ್ದು."

ತಾವು ಗೆದ್ದೆವೆಂದು ಬೀಗಿದ ಕಲೆಯ ಐದು ಬೊಟ್ಟುಗಳು ಈಗ ಐದು ಪುಟ್ಟ ಬೆರಳುಗಳಾಗಿ ಮೇಷ್ಟ್ರ ಕಣ್ಣಿಗೆ ಕಟ್ಟಿದವು. ಅಂಗಿಯ ಗುಂಡಿ ತಿರುವುತ್ತ ನಿಂತರು.

ಅವಳು ಬಲಗೈ ಎತ್ತಿ, ಇನ್ನೂ ಹಸಿಯಾಗಿದ್ದ ಎಂಟನೇ ಕೋಟಿನ ಮೇಲೆ ಒತ್ತಿದಳು. ಚೆನ್ನಾಗಿ, ಐದೂ ಬೆರಳು ಮೂಡುವ ಹಾಗೆ. ಮೇಷ್ಟ್ರ ಜೀವ ಬಾಯಿಗೆ ಬಂತು. ಅವಳು ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದಳು.

"ಈಗ ಚೆನ್ನಾಗಿದೆ," ಅಂದಳು. ಆಮೇಲೆ ಅಂಟು ಕೈಯನ್ನು ಗಂಡನ ಹೊಸ ಅಂಗಿಗೆ ಒರೆಸಿ ಹೊರಗೆ ಹೋದಳು.

ಆ ಅಂಗಿ ಈಗಲೂ ಬೀರುವಿನಲ್ಲಿದೆ. ಉಜ್ಜಿ ತೊಳೆದುಕೊಡಲೇ ಎಂದು ಮಗಳು ಎರಡು ಸಲ ಕೇಳಿದಳು. ಮೇಷ್ಟ್ರು ಎರಡು ಸಲವೂ ಬೇಡ ಅಂದರು.