ಎಮ್ಮೆಯ ಕಿವಿಗೆ ಜೂಮ್

ಕೈಯಲ್ಲಿ ಕ್ಯಾಮೆರಾ ಹಿಡಿದವನು ಅವಮಾನ ಹುಡುಕಿಕೊಂಡು ಹೋಗಬೇಕಾಗಿಲ್ಲ; ಅದೇ ವಿಳಾಸ ಕೇಳಿಕೊಂಡು ಬರುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಬೆಳಗಾವಿಯ ಒಂದು ವಿಮಾ ಕಚೇರಿಯಲ್ಲಿದ್ದೆ. ಖಾನಾಪುರ ತಾಲೂಕಿನ ದನಗಳ ವಿಮೆ ನನ್ನ ಪಾಲಿಗಿತ್ತು. ಪ್ರತಿ ದನದ ಕಿವಿಗೆ ನಂಬರಿನ ಬಿಲ್ಲೆ; ಆ ಬಿಲ್ಲೆ ಕಾಣುವಂತೆ ಫೋಟೋ ಬೇಕು. ಅದಕ್ಕೆಂದು ಹೆಡ್ ಆಫೀಸಿನವರು ಅಂಗೈಯಗಲದ ಒಂದು ಜೂಮ್ ಕ್ಯಾಮೆರಾ ಕಳಿಸಿದರು. ಕಲಿಸುವವರನ್ನು ಕಳಿಸಲಿಲ್ಲ.

"ನೀವು ಬಿ.ಎಸ್ಸಿ. ಕಲತೀರಿ, ನೀವ ತಗೀರಿ," ಎಂದರು ಮ್ಯಾನೇಜರು. ನಾನು ಕಲಿತದ್ದು ಸಸ್ಯಶಾಸ್ತ್ರ.

೧. ಮೊದಲ ರೋಲು

ಪಾರಿಶ್ವಾಡ ಎಂಬ ಹಳ್ಳಿಯಲ್ಲಿ ಒಂದೇ ಮುಂಜಾನೆ ಮೂವತ್ತಾರು ಫೋಟೋ ತೆಗೆದೆ. ಬಿಲ್ಲೆ ಸ್ಪಷ್ಟವಾಗಿ ಬರಲೆಂದು ಎಮ್ಮೆಯ ಉಸಿರು ನನ್ನ ಮುಖಕ್ಕೆ ತಾಗುವಷ್ಟು ಹತ್ತಿರ ನಿಂತಿದ್ದೆ. ರೋಲನ್ನು ವಡಗಾವಿಯ ಸ್ಟುಡಿಯೋಕ್ಕೆ ಕೊಟ್ಟೆ. ಅದರ ಮಾಲಕರು ಫೋಟೋಗಳನ್ನು ಟೇಬಲ್ ಮೇಲೆ ಹರಡಿ, ಕನ್ನಡಕ ಒರೆಸಿಕೊಂಡು ಕೇಳಿದರು: "ಸಾಹೇಬರ, ಇವಕ್ಕ ಕಿವಿ ಇರ್ಲಿಲ್ಲೇನ್ರಿ?"

ಎಲ್ಲದರಲ್ಲೂ ಎಮ್ಮೆ ಗಲ್ಲದಿಂದ ಕೆಳಗಷ್ಟೇ ಇತ್ತು.

"ನೀವು ನೋಡೂ ಕಿಂಡಿ ಮ್ಯಾಲೈತಿ, ಲೆನ್ಸ್ ಕೆಳಗೈತಿ. ಭಾಳ ಹತ್ರ ಹ್ವಾದ್ರ ತಲಿ ಕಟ್ ಆಗತೈತಿ. ದೂರ ನಿಂತು ಜೂಮ್ ಮಾಡ್ರಿ," ಎಂದು ಕಲಿಸಿಕೊಟ್ಟರು. ಆಮೇಲೆ ಮೆಲ್ಲಗೆ, "ಖರೇ ಹೇಳಬೇಕಂದ್ರ, ತಲಿ ಇಲ್ಲದ ಎಮ್ಮಿಗೆ ವಿಮಾ ಮಾಡಾಕ ಭಾಳ ಧೈರ್ಯ ಬೇಕ್ರಿ," ಎಂದರು.

೨. ದೂರ ನಿಂತದ್ದು

ಮುಂದಿನ ವಾರ ದೂರ ನಿಂತೆ. ಕಿಂಡಿಗೆ ಕಣ್ಣು ಹಚ್ಚಿ, ಒಂದೊಂದೇ ಹೆಜ್ಜೆ ಹಿಂದೆ ಸರಿದೆ. ಎಮ್ಮೆ ಹಿಡಿದಿದ್ದ ರೈತ, "ಹೆದರಬ್ಯಾಡ್ರಿ, ಅದು ಹಾಯೂದಿಲ್ಲ," ಎಂದ. ನಾನು ನಕ್ಕು ಇನ್ನೆರಡು ಹೆಜ್ಜೆ ಸರಿದೆ. ಮೂರನೆಯ ಹೆಜ್ಜೆಗೆ ತಿಪ್ಪೆಗುಂಡಿಯಲ್ಲಿ ಸೊಂಟದವರೆಗೆ ಇಳಿದಿದ್ದೆ. ಕ್ಯಾಮೆರಾ ಕಂಪನಿಯದು, ಆದ್ದರಿಂದ ಅದನ್ನು ಮಾತ್ರ ಮೇಲೆತ್ತಿ ಹಿಡಿದಿದ್ದೆ.

"ಹಿಂದ ತಿಪ್ಪಿ ಐತಿ ಅಂತ ಹೇಳಬಾರದೇನಪಾ?"

"ಫೋಟೋ ತಗಿಯೂ ರೀತಿನ ಹಂಗ ಇರಬೇಕು ಅನ್ಕೊಂಡ್ನಿರಿ," ಎಂದ ಆತ.

೩. ಕೋಟಿನ ಫೋಟೋ

ಕಿವಿಗಳು ಬರತೊಡಗಿದ ಮೇಲೆ ಕಚೇರಿಯಲ್ಲಿ ನನ್ನ ಹೆಸರು ಹಬ್ಬಿತು. ಮ್ಯಾನೇಜರು ಮಹಾಂತೇಶ ನಗರದ ತಮ್ಮ ಮನೆಗೆ ಕರೆಸಿ, ಕೋಟು ಹಾಕಿಕೊಂಡು ಅಂಗಳದಲ್ಲಿ ನಿಂತರು. ರೂಢಿಯಂತೆ ನಾನು, "ಸ್ವಲ್ಪ ಅಡ್ಡ ನಿಲ್ರಿ ಸರ್, ಎಡಗಿವಿ ಕಾಣ್ಲಿ," ಎಂದುಬಿಟ್ಟೆ.

ಬಾಗಿಲಲ್ಲಿದ್ದ ಅವರ ಹೆಂಡತಿ ಹೇಳಿದರು: "ಹಲ್ಲೂ ಎಣಿಸಿ ನೋಡ್ರಿ. ಇವರು ವಯಸ್ಸು ಕಡಿಮಿ ಹೇಳ್ತಾರ."

೪. ಚೆಂದದ ಫೋಟೋ

ಇಷ್ಟರಲ್ಲಿ ನನಗೆ ಕಲೆಯ ಹುಚ್ಚು ಹತ್ತಿತ್ತು. ಎಳೆಬಿಸಿಲಿನಲ್ಲಿ ತೆಗೆಯಬೇಕು, ಮೊಣಕಾಲೂರಿ ದನದ ಕಣ್ಣಿನ ಮಟ್ಟಕ್ಕೆ ಇಳಿಯಬೇಕು ಎಂದು ಸ್ಟುಡಿಯೋದವರು ಹೇಳಿಕೊಟ್ಟಿದ್ದರು. ಖಾನಾಪುರದ ಹತ್ತಿರದ ಹಳ್ಳಿಯಲ್ಲಿ ಒಬ್ಬ ಮುದುಕಿಯ ಒಂದೇ ಒಂದು ಎಮ್ಮೆ ಸತ್ತಿತು. ಪರಿಹಾರಕ್ಕೆ ಸತ್ತ ಎಮ್ಮೆಯ ಫೋಟೋ ಬೇಕು. ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ ಮೊಣಕಾಲೂರಿದೆ. ಕೊಂಬಿನ ಮೇಲೆ ಹೊಂಬಿಸಿಲು, ಬಿಲ್ಲೆಯ ನಂಬರು ಓದುವಂತೆ ಸ್ಪಷ್ಟ. ನನ್ನ ಜೀವಮಾನದಲ್ಲೇ ಅಷ್ಟು ಚೆಂದದ ಫೋಟೋ ತೆಗೆದಿರಲಿಲ್ಲ. ಸ್ಟುಡಿಯೋದವರು ತಮ್ಮ ಗಾಜಿನ ಕಪಾಟಿನಲ್ಲಿ ಇಡಲು ಒಂದು ಪ್ರತಿ ಕೇಳಿ ಇಟ್ಟುಕೊಂಡರು.

ಹದಿನೈದು ದಿನಕ್ಕೆ ಹೆಡ್ ಆಫೀಸಿನ ಕಾಗದ ಬಂತು: "ಸದರಿ ಪ್ರಾಣಿಯು ವಿಶ್ರಾಂತಿ ಪಡೆಯುತ್ತಿರುವಂತೆ ಕಾಣುತ್ತದೆ. ಎಬ್ಬಿಸಿ ನಿಲ್ಲಿಸಿ ಇನ್ನೊಂದು ಫೋಟೋ ಕಳುಹಿಸತಕ್ಕದ್ದು."

ಎಮ್ಮೆ ಸತ್ತದ್ದು ನಿಜವೆಂದು ದನದ ಡಾಕ್ಟರರಿಂದ ಮತ್ತೊಮ್ಮೆ ಬರೆಸಿ ಕಳಿಸಿದ ಮೇಲೆ ಕೊನೆಗೆ ಹಣ ಬಂತು, ಆ ಮಾತು ಬೇರೆ. ಆದರೆ ಕಾಗದ ಬಂದ ದಿನ ಅದನ್ನು ಮುದುಕಿಗೆ ಓದಿ ಹೇಳುವ ಪಾಳಿ ನನ್ನದಾಯಿತು. ಆಕೆ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕೈ ಒರೆಸಿಕೊಂಡು ಎದ್ದಳು.

"ಬರ್ರಿ ಸಾಹೇಬರ, ಹಿತ್ತಲದಾಗ ಹೂಳೇವಿ. ನೀವ ಎಬ್ಬಸ್ರಿ. ಎದ್ದರ ನಿಮ್ಮ ರೊಕ್ಕ ನೀವ ಇಟ್ಕೊರಿ, ನನಗ ಎಮ್ಮಿ ಸಾಕು."